ಕಡಲ ದಾರಿಯಲ್ಲಿ ನಿಲ್ಲಲು ಜಾಗ ಕೊಡಿ: ರಸ್ತೆ ರೂಪಿಸುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಕಡಲಂಚಿನ ರಸ್ತೆಗಳನ್ನು ಅಳೆಯುವ, ಕಟ್ಟುವ, ಅಗಲಗೊಳಿಸುವ ಎಂಜಿನಿಯರುಗಳಿಗೂ ಆ ರಸ್ತೆಗಳ ಬದಿಯಲ್ಲಿ ಪ್ರವಾಸಿಗರಿಗೆ ಏನೇನು ಬೇಕೆಂದು ತೀರ್ಮಾನಿಸುವ ಅಧಿಕಾರಿಗಳಿಗೂ ಈ ಪತ್ರವನ್ನು ಬರೆಯುತ್ತಿದ್ದೇನೆ. ಹಲವು ವರ್ಷಗಳಿಂದ ಕ್ಯಾಮೆರಾ ಹಿಡಿದು ಕಡಲ ದಾರಿಗಳಲ್ಲಿ ಓಡಾಡುತ್ತಿರುವ ನನಗೆ ನಿಮ್ಮಿಂದ ಆಗಬೇಕಾದದ್ದು ದೊಡ್ಡ ಖರ್ಚಿನ ಕೆಲಸವೇನಲ್ಲ. ಒಂದು ದಾರಿಗೆ ಒಂದೇ ಒಂದು ಭಾರೀ ವ್ಯೂ ಪಾಯಿಂಟ್ ಕಟ್ಟಿ ಕೈತೊಳೆದುಕೊಳ್ಳುವ ಬದಲು, ಮೂರು ನಾಲ್ಕು ವಾಹನಗಳು ಸುರಕ್ಷಿತವಾಗಿ ನಿಲ್ಲುವಂಥ ಚಿಕ್ಕ ಚಿಕ್ಕ ಜಾಗಗಳನ್ನು ದಾರಿಯುದ್ದಕ್ಕೂ ಕೊಡಿ. ಅಲ್ಲಿಂದ ನಾಲ್ಕು ಹೆಜ್ಜೆ ನಡೆಯಲು ಕಾಲುದಾರಿ ಮಾಡಿ. ಅಲ್ಲಿ ನೆಡುವ ಫಲಕದಲ್ಲಿ ಸ್ಥಳದ ಹೆಸರಿನ ಜೊತೆಗೆ ಹೊತ್ತನ್ನೂ ಬರೆಯಿರಿ. ಇಷ್ಟನ್ನು ಏಕೆ ಕೇಳುತ್ತಿದ್ದೇನೆ ಎಂಬುದನ್ನು ಸ್ವಲ್ಪ ವಿಸ್ತಾರವಾಗಿ ಹೇಳಲು ಅವಕಾಶ ಕೊಡಿ.

ಒಮ್ಮೆ ಬೆಳಗಿನ ಜಾವ ನಾನು ಮತ್ತು ನನ್ನ ಗೆಳೆಯ ಅಂಥದೊಂದು ರಸ್ತೆಯಲ್ಲಿ ಹೋಗುತ್ತಿದ್ದೆವು. ಗಾಡಿಯನ್ನು ಅವನು ಓಡಿಸುತ್ತಿದ್ದ. ಒಂದು ತಿರುವು ದಾಟಿದ ಕೂಡಲೇ ಕೆಳಗಿನ ಕೊಲ್ಲಿಯಲ್ಲಿ ಮಂಜು ತುಂಬಿಕೊಂಡಿರುವುದು ಕಂಡಿತು. ಮಂಜಿನ ಮೇಲ್ಮೈ ಸಮತಟ್ಟಾಗಿತ್ತು. ಅದರೊಳಗಿಂದ ಎರಡು ಬಂಡೆಗಳ ನೆತ್ತಿ ಮಾತ್ರ ಹೊರಗೆ ಕಾಣುತ್ತಿತ್ತು. ಅಲೆಗಳ ಸದ್ದು ಕೇಳುತ್ತಿತ್ತು, ಅಲೆಗಳು ಕಾಣುತ್ತಿರಲಿಲ್ಲ. ನಿಲ್ಲಿಸಲು ಜಾಗವಿರಲಿಲ್ಲ. ಎಡಗಡೆಯ ಎರಡು ಚಕ್ರಗಳನ್ನು ಮಣ್ಣಿಗೆ ಇಳಿಸಿ, ಬಲಗಡೆಯ ಎರಡನ್ನು ಡಾಂಬರಿನ ಮೇಲೆಯೇ ಬಿಟ್ಟು ನಿಲ್ಲಿಸಿದೆವು. ನಾನು ಟ್ರೈಪಾಡಿನ ಮೂರನೆಯ ಕಾಲನ್ನು ಬಿಚ್ಚುತ್ತಿದ್ದಾಗ ತಿರುವಿನ ಆಚೆಯಿಂದ ಒಂದು ಲಾರಿ ಬಂತು. ಚಾಲಕ ಹಾರ್ನ್ ಒತ್ತಿಹಿಡಿದು ಎದುರಿನ ಸಾಲಿಗೆ ವಾಲಿಸಿಕೊಂಡು ಹೋದ. ಅದರ ಗಾಳಿಗೆ ನನ್ನ ಟೋಪಿ ಹಾರಿ ಕಂದರಕ್ಕೆ ಬಿತ್ತು. ಎದುರಿನಿಂದ ಆಗ ಇನ್ನೊಂದು ಗಾಡಿ ಬಂದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದರೆ ಇಂದಿಗೂ ಮೈ ಜುಮ್ಮೆನ್ನುತ್ತದೆ. ಅಲ್ಲಿ ನಿಲ್ಲಿಸಿದ್ದು ನಮ್ಮ ತಪ್ಪು, ಅದನ್ನು ಒಪ್ಪುತ್ತೇನೆ. ಆದರೆ ಆ ತಿರುವಿನಿಂದ ಮುಂದೆ ಹನ್ನೊಂದು ಕಿಲೋಮೀಟರ್ ದೂರದವರೆಗೆ ನಿಲ್ಲಿಸಬಹುದಾದ ಒಂದೇ ಒಂದು ಜಾಗವೂ ಇರಲಿಲ್ಲ ಎಂಬುದನ್ನು ನಾವು ಆ ಮೇಲೆ ಅಳೆದು ನೋಡಿದೆವು. ಅಧಿಕೃತ ವ್ಯೂ ಪಾಯಿಂಟ್ ತಲುಪುವ ಹೊತ್ತಿಗೆ ಬಿಸಿಲೇರಿ ಮಂಜು ಕರಗಿಹೋಗಿತ್ತು.

ಕಡಲ ದಾರಿಯಲ್ಲಿ ಒಳ್ಳೆಯ ಚಿತ್ರದ ತಾಣವನ್ನು ಹುಡುಕುವುದು ಹೇಗೆ ಎಂದು ಕೇಳುವವರು ಸಾಮಾನ್ಯವಾಗಿ ಹೆಸರುಗಳ ಪಟ್ಟಿಯನ್ನು ನಿರೀಕ್ಷಿಸುತ್ತಾರೆ. ನಿಮ್ಮ ಕಚೇರಿಗಳು ಹೊರಡಿಸುವ ಕೈಪಿಡಿಗಳೂ ಅಂಥ ಪಟ್ಟಿಗಳೇ. ಆದರೆ ಒಂದೇ ಬಂಡೆ ಬೆಳಿಗ್ಗೆ ಏಳಕ್ಕೆ ಒಂದು, ಸಂಜೆ ಆರಕ್ಕೆ ಇನ್ನೊಂದು. ಪಡುವಣಕ್ಕೆ ಮುಖ ಮಾಡಿದ ತೀರದಲ್ಲಿ ಹಿಂದೆ ಗುಡ್ಡಸಾಲಿದ್ದರೆ ಸೂರ್ಯ ಹುಟ್ಟಿದ ಎಷ್ಟೋ ಹೊತ್ತಿನವರೆಗೆ ಮರಳ ಮೇಲೆ ಗುಡ್ಡದ ನೆರಳೇ ಬಿದ್ದಿರುತ್ತದೆ. ಆ ನೆರಳಿನಲ್ಲಿ ನೀರು ಸೀಸದ ಬಣ್ಣಕ್ಕೆ ತಿರುಗಿರುತ್ತದೆ. ಅದೇ ತೀರದಲ್ಲಿ ಸಂಜೆ ಎಲ್ಲರೂ ಮುಳುಗುವ ಸೂರ್ಯನ ಕಡೆಗೇ ಕ್ಯಾಮೆರಾ ತಿರುಗಿಸಿರುವಾಗ, ಬೆನ್ನ ಹಿಂದಿನ ಬಂಡೆಗೋಡೆ ತಾಮ್ರದಂತೆ ಹೊಳೆಯುತ್ತಿರುತ್ತದೆ ಮತ್ತು ಅದನ್ನು ನೋಡುವವರು ಯಾರೂ ಇರುವುದಿಲ್ಲ. ಉತ್ತರ ದಕ್ಷಿಣವಾಗಿ ಹಾಯ್ದ ಕರಾವಳಿಯಲ್ಲೂ ಭೂಶಿರಗಳು ಮತ್ತು ಕೊಲ್ಲಿಗಳು ಒಳಗೂ ಹೊರಗೂ ಬಳುಕುವುದರಿಂದ ಎಲ್ಲ ದಿಕ್ಕಿಗೂ ಮುಖ ಮಾಡಿದ ಚಿಕ್ಕ ಚಿಕ್ಕ ಅಂಚುಗಳು ಸಿಗುತ್ತವೆ. ಬೆಳಕು ಪಕ್ಕದಿಂದ ಬಿದ್ದು ಬಂಡೆಯ ಪ್ರತಿಯೊಂದು ಮಡಿಕೆಯೂ ಎದ್ದು ಕಾಣುವುದು ಅಲ್ಲೇ. ನಡು ಹಗಲು ಚಿತ್ರಕ್ಕೆ ನಿಷ್ಪ್ರಯೋಜಕ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಸೂರ್ಯ ನೆತ್ತಿಯ ಹತ್ತಿರವಿದ್ದಾಗ ಎತ್ತರದ ರಸ್ತೆಯಿಂದ ಕೆಳಗೆ ನೋಡಿದರೆ ಬೆಳಕು ನೀರಿನ ಆಳಕ್ಕೆ ಇಳಿದು ತಳದ ಮರಳು, ಪಾಚಿ, ಮುಳುಗುಬಂಡೆಗಳೆಲ್ಲ ಬೇರೆ ಬೇರೆ ಬಣ್ಣದಲ್ಲಿ ಕಾಣುತ್ತವೆ. ಲೆನ್ಸಿಗೆ ಪೋಲರೈಸರ್ ಫಿಲ್ಟರ್ ಹಾಕಿ ನಿಧಾನವಾಗಿ ತಿರುಗಿಸಿದಾಗ ಮೇಲ್ಮೈಯ ಹೊಳಪು ಪರದೆ ಸರಿಸಿದಂತೆ ಸರಿದುಹೋಗುವುದನ್ನು ಒಮ್ಮೆ ನೋಡಿದವರು ಮಧ್ಯಾಹ್ನವನ್ನು ಹಳಿಯುವುದಿಲ್ಲ.

ಹೊತ್ತಿನ ಮಾತು ದಿನದೊಂದಿಗೇ ಮುಗಿಯುವುದಿಲ್ಲ, ಋತುವಿಗೂ ಅದು ಅನ್ವಯಿಸುತ್ತದೆ. ಜೂನ್‌ನಲ್ಲಿ ಸೂರ್ಯ ಮುಳುಗುವ ಬಿಂದುವಿಗೂ ಡಿಸೆಂಬರ್‌ನಲ್ಲಿ ಮುಳುಗುವ ಬಿಂದುವಿಗೂ ಸಮಭಾಜಕ ವೃತ್ತದ ಬಳಿಯಲ್ಲೇ ಸುಮಾರು 47 ಡಿಗ್ರಿಗಳ ಅಂತರವಿರುತ್ತದೆ. ಧ್ರುವಗಳ ಕಡೆಗೆ ಹೋದಂತೆ ಈ ಅಂತರ ಇನ್ನೂ ಹಿಗ್ಗುತ್ತದೆ. ಕ್ಯಾಲಿಫೋರ್ನಿಯಾದ ಬಿಗ್ ಸರ್ ಪ್ರದೇಶದ ಫೈಫರ್ ಕಡಲತೀರದಲ್ಲಿ ಕೀಲಿಕಿಂಡಿಯಂಥ ತೂತಿರುವ ಒಂದು ಬಂಡೆಯಿದೆ. ಡಿಸೆಂಬರ್ ಮತ್ತು ಜನವರಿಯ ಸಂಜೆಗಳಲ್ಲಿ ಮುಳುಗುವ ಸೂರ್ಯನ ಬೆಳಕು ಆ ಕಿಂಡಿಯ ಮೂಲಕ ನೇರವಾಗಿ ಹಾದು, ಈಚೆಯ ನೀರಿನ ಮೇಲೆ ಉರಿಯುವ ದಾರಿಯೊಂದನ್ನು ಹಾಸುತ್ತದೆ. ಅದನ್ನೇ ನೆನೆದು ಜೂನ್‌ನಲ್ಲಿ ಹೋದವರಿಗೆ ತೂತಿರುವ ಬಂಡೆ ಸಿಗುತ್ತದೆ, ಆ ಚಿತ್ರ ಸಿಗುವುದಿಲ್ಲ. ಫಲಕದಲ್ಲಿ ಹೊತ್ತನ್ನೂ ಬರೆಯಿರಿ ಎಂದು ನಾನು ಕೇಳುವುದು ಇದಕ್ಕಾಗಿ. ಒಂದು ವೃತ್ತ ಬರೆದು, ಅದರಲ್ಲಿ ವರ್ಷದ ನಾಲ್ಕು ಘಟ್ಟಗಳಲ್ಲಿ ಸೂರ್ಯ ಎಲ್ಲಿ ಹುಟ್ಟುತ್ತಾನೆ, ಎಲ್ಲಿ ಮುಳುಗುತ್ತಾನೆ ಎಂದು ಗೆರೆ ಎಳೆದರೆ ಸಾಕು. ಭಾಷೆ ಬಾರದವರಿಗೂ ಅದು ಅರ್ಥವಾಗುತ್ತದೆ.

ಸೂರ್ಯನಷ್ಟೇ ಮುಖ್ಯವಾದದ್ದು, ಆದರೆ ಕೈಪಿಡಿಗಳು ಬಹುಮಟ್ಟಿಗೆ ಮರೆತುಬಿಡುವಂಥದ್ದು, ಉಬ್ಬರ ಇಳಿತ. ಹೆಚ್ಚಿನ ತೀರಗಳಲ್ಲಿ ಒಂದು ಉಬ್ಬರದಿಂದ ಮುಂದಿನ ಇಳಿತಕ್ಕೆ ಆರು ಗಂಟೆಗಿಂತ ತುಸು ಹೆಚ್ಚು ಕಾಲ ಹಿಡಿಯುತ್ತದೆ. ಹೀಗಾಗಿ ಇಂದಿನ ಉಬ್ಬರ ನಾಳೆ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಅಮಾವಾಸ್ಯೆ ಮತ್ತು ಹುಣ್ಣಿಮೆಯ ಆಸುಪಾಸಿನ ದಿನಗಳಲ್ಲಿ ನೀರು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ. ಮೆಡಿಟರೇನಿಯನ್ ಸಮುದ್ರದ ಬಹುತೇಕ ತೀರಗಳಲ್ಲಿ ಈ ಏರಿಳಿತ ಗಮನಕ್ಕೆ ಬಾರದಷ್ಟು ಕಡಿಮೆ. ಕೆನಡಾದ ಫಂಡಿ ಕೊಲ್ಲಿಯಲ್ಲಾದರೋ ಅದು ಕೆಲವೆಡೆ 16 ಮೀಟರ್‌ವರೆಗೆ ಹೋಗುತ್ತದೆ. ಆ ಕೊಲ್ಲಿಯ ಹೋಪ್‌ವೆಲ್ ಬಂಡೆಗಳ ಬುಡದಲ್ಲಿ ಇಳಿತದ ಹೊತ್ತಿಗೆ ಜನ ಕಡಲ ತಳದ ಮೇಲೆ ನಡೆದಾಡುತ್ತಾರೆ, ಉಬ್ಬರದ ಹೊತ್ತಿಗೆ ಅದೇ ಜಾಗದಲ್ಲಿ ದೋಣಿ ನಡೆಸುತ್ತಾರೆ. ಎರಡೂ ಚೆಂದದ ಚಿತ್ರಗಳೇ. ಯಾವುದು ಸಿಗುತ್ತದೆ ಎಂಬುದನ್ನು ಹೇಳುವುದು ವೇಳಾಪಟ್ಟಿ.

ಇಳಿತ ಶುರುವಾದ ಮೇಲಿನ ಒಂದೆರಡು ಗಂಟೆ ನನಗೆ ಬಹಳ ಪ್ರಿಯ. ನೀರು ಆಗಷ್ಟೇ ಬಿಟ್ಟುಹೋದ ಮರಳು ಕನ್ನಡಿಯಂತೆ ಆಕಾಶವನ್ನು ಹಿಡಿದಿಟ್ಟುಕೊಂಡಿರುತ್ತದೆ. ಆ ಹೊಳಪು ನೀರು ಇಂಗುವವರೆಗೆ ಕೆಲವೇ ಕ್ಷಣ ಇರುತ್ತದೆ, ಮುಂದಿನ ಅಲೆ ಬಂದು ಮತ್ತೆ ಕೊಡುತ್ತದೆ. ಒಂದು ಸಂಜೆ ಮೊಣಕಾಲೆತ್ತರದ ಕಪ್ಪು ಕಲ್ಲೊಂದರ ಎದುರು ಟ್ರೈಪಾಡನ್ನು ನೆಲಮಟ್ಟಕ್ಕೆ ಇಳಿಸಿ ಕೂತಿದ್ದೆ. ಅಲೆ ಕಲ್ಲನ್ನು ಬಳಸಿ ಹಿಂದಿರುಗುವಾಗ ಅದರ ಎರಡೂ ಬದಿಯಿಂದ ನೊರೆ ಎರಡು ಬಿಳಿ ಎಳೆಗಳಾಗಿ ಹರಿದು, ಕಲ್ಲಿನ ಮುಂದೆ ಕೂಡಿಕೊಂಡು ಜಡೆಯಂತೆ ಹೆಣೆದುಕೊಳ್ಳುತ್ತಿತ್ತು. ಶಟರ್ ಒಂದು ಸೆಕೆಂಡು ತೆರೆದರೆ ಎಳೆಗಳು ಬಿಡಿಬಿಡಿಯಾಗಿ ಮೂಡುತ್ತಿದ್ದವು, ಹತ್ತು ಸೆಕೆಂಡು ತೆರೆದರೆ ಎಲ್ಲವೂ ಹೊಗೆಯಾಗುತ್ತಿತ್ತು. ಅರ್ಧ ಗಂಟೆಯಲ್ಲಿ ನಲವತ್ತು ಚಿತ್ರ ತೆಗೆದೆ. ಪ್ರತಿ ಸಲವೂ ಟ್ರೈಪಾಡಿನ ಕಾಲುಗಳು ಬೆರಳಗಲದಷ್ಟು ಮರಳಿನೊಳಗೆ ಇಳಿಯುತ್ತಿದ್ದವು, ಪ್ರತಿ ಸಲವೂ ದಿಗಂತವನ್ನು ಮತ್ತೆ ನೇರಮಾಡಬೇಕಾಗುತ್ತಿತ್ತು. ಆ ಕಲ್ಲಿಗೆ ಯಾವ ಹೆಸರೂ ಇಲ್ಲ. ರಸ್ತೆಯ ಬದಿಯಲ್ಲಿ ಯಾವುದೋ ಕಾಲದಲ್ಲಿ ಜಲ್ಲಿ ರಾಶಿ ಹಾಕಲು ಸಮಮಾಡಿದ್ದ ಚೂರು ಜಾಗವಿತ್ತು, ಅಲ್ಲಿಂದ ತೀರಕ್ಕೆ ಸವೆದ ಕಾಲುದಾರಿಯಿತ್ತು. ಅಷ್ಟರಿಂದಲೇ ಅದು ನನಗೆ ಸಿಕ್ಕಿತು. ನೀವು ಬೇಕೆಂದೇ ಅಂಥ ಜಾಗಗಳನ್ನು ಬಿಟ್ಟುಕೊಟ್ಟರೆ ಇನ್ನೆಷ್ಟು ಕಲ್ಲುಗಳು ಜನರಿಗೆ ಸಿಗಬಹುದು ಎಂದು ಅಂದಿನಿಂದ ಯೋಚಿಸುತ್ತಿದ್ದೇನೆ.

ನಿಲ್ಲುವ ಜಾಗವನ್ನು ರಸ್ತೆಯ ಯಾವ ಬದಿಗೆ ಮಾಡಬೇಕು ಎಂಬುದು ಇನ್ನೊಂದು ಮಾತು. ಬಲಗಡೆ ವಾಹನ ಓಡಿಸುವ ಕ್ಯಾಲಿಫೋರ್ನಿಯಾದಲ್ಲಿ ಹೆದ್ದಾರಿ 1ರ ಮೇಲೆ ಉತ್ತರದಿಂದ ದಕ್ಷಿಣಕ್ಕೆ ಹೋದರೆ ಕಡಲು ನಮ್ಮ ಪಕ್ಕಕ್ಕೇ ಬರುತ್ತದೆ. ಎಡಗಡೆ ಓಡಿಸುವ ಆಸ್ಟ್ರೇಲಿಯಾದ ಗ್ರೇಟ್ ಓಷನ್ ರೋಡಿನಲ್ಲಿ ಟೋರ್ಕೀ ಪಟ್ಟಣದಿಂದ ಪಶ್ಚಿಮಕ್ಕೆ ಹೋದರೆ ಹಾಗೆ. ಕೆನಡಾದ ಕ್ಯಾಬಟ್ ಟ್ರೇಲ್ ಎಂಬ ಸುತ್ತುರಸ್ತೆಯನ್ನು ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತಬೇಕು, ಐರ್ಲೆಂಡಿನ ಸ್ಲೀ ಹೆಡ್ ದಾರಿಯನ್ನು ಮುಳ್ಳಿನ ದಿಕ್ಕಿಗೆ ಸುತ್ತಬೇಕು. ಹೀಗೆ ಹೋದವರು ಎದುರಿನ ಸಾಲನ್ನು ಅಡ್ಡ ದಾಟದೆ ಕಡಲ ಬದಿಗೆ ಇಳಿಯಬಹುದು. ಪ್ರವಾಸ ಹೊರಡುವವರಿಗೆ ನಾನು ಕೊಡುವ ಮೊದಲ ಸಲಹೆಯೂ ಇದೇ: ಯಾವ ತುದಿಯಿಂದ ಶುರುಮಾಡುತ್ತೀರಿ ಎಂಬುದನ್ನು ಮೊದಲು ತೀರ್ಮಾನಿಸಿ. ಆದರೆ ಎಲ್ಲರೂ ಒಂದೇ ದಿಕ್ಕಿನಲ್ಲಿ ಹೋಗಲು ಸಾಧ್ಯವಿಲ್ಲ. ಕಡಲ ಬದಿಯಲ್ಲಿ ಮಾತ್ರ ಜಾಗ ಮಾಡಿದರೆ ಎದುರಿನಿಂದ ಬರುವವರು ತಿರುವಿನ ಬಾಯಲ್ಲೇ ಅಡ್ಡ ತಿರುಗಿಸುತ್ತಾರೆ. ಗುಡ್ಡದ ಬದಿಯಲ್ಲೂ ಒಂದಷ್ಟು ಜಾಗ, ಅಲ್ಲಿಂದ ನಡೆದು ದಾಟಲು ಎರಡೂ ಕಡೆಯ ವಾಹನಗಳು ದೂರದಿಂದ ಕಾಣುವಂಥ ನೇರ ಭಾಗ ಇರಬೇಕು. ದಾರಿಯ ನಕ್ಷೆ ಬರೆಯುವವರಿಗೆ ಇದು ನನಗಿಂತ ಚೆನ್ನಾಗಿ ಗೊತ್ತು.

ಎಲ್ಲರನ್ನೂ ಒಂದೇ ಬಿಂದುವಿಗೆ ಕಳುಹಿಸುವುದರ ಫಲ ಏನೆಂದು ನೋಡಬೇಕಾದರೆ ಅದೇ ಹೆದ್ದಾರಿ 1ರ ಬಿಕ್ಸ್‌ಬಿ ಸೇತುವೆಯ ಬಳಿ ಹೋಗಬೇಕು. 1932ರಲ್ಲಿ ಮುಗಿದ ಆ ಕಾಂಕ್ರೀಟ್ ಕಮಾನು ನಿಜಕ್ಕೂ ಸುಂದರವಾದದ್ದು. ಆದರೆ ಅದರ ಉತ್ತರ ತುದಿಯ ಪುಟ್ಟ ಜಾಗದಲ್ಲಿ ರಜೆಯ ದಿನಗಳಲ್ಲಿ ಗಾಡಿಗಳು ತುಂಬಿ ಹೆದ್ದಾರಿಗೇ ಚಾಚಿಕೊಳ್ಳುತ್ತವೆ, ಜನ ರಸ್ತೆಯ ಮೇಲೆಯೇ ನಿಂತು ಚಿತ್ರ ತೆಗೆಯುತ್ತಾರೆ. ಅಲ್ಲಿಂದಲೇ ಒಳನಾಡಿನ ಕಡೆಗೆ ಹಳೆಯ ಮಣ್ಣಿನ ದಾರಿಯೊಂದು ಕವಲೊಡೆಯುತ್ತದೆ. ಅದರಲ್ಲಿ ಸ್ವಲ್ಪ ದೂರ ನಡೆದು ಹಿಂದಿರುಗಿ ನೋಡಿದರೆ ಕಮಾನಿನ ಹಿಂದೆ ಕಡಲು ಕಾಣುತ್ತದೆ, ಬೇರೆಯದೇ ಚಿತ್ರ. ಆ ಇನ್ನೊಂದು ನೋಟವಿದೆ ಎಂದು ಹೇಳುವ ಒಂದು ಬಾಣದ ಗುರುತು ಎಷ್ಟೋ ಜನರನ್ನು ಡಾಂಬರಿನಿಂದ ಆಚೆಗೆ ಕರೆದೊಯ್ಯಬಲ್ಲದು.

ಇದನ್ನು ಚೆನ್ನಾಗಿ ಮಾಡಿದವರೂ ಇದ್ದಾರೆ. ನಾರ್ವೆ ದೇಶ 18 ರಸ್ತೆಗಳನ್ನು ರಾಷ್ಟ್ರೀಯ ಪ್ರವಾಸಿ ಮಾರ್ಗಗಳೆಂದು ಆರಿಸಿಕೊಂಡು, ಅವುಗಳ ಬದಿಯಲ್ಲಿ ತಂಗುವ ಜಾಗಗಳನ್ನು ವಾಸ್ತುಶಿಲ್ಪಿಗಳಿಂದ ವಿನ್ಯಾಸ ಮಾಡಿಸಿದೆ. ಅವುಗಳಲ್ಲೊಂದಾದ ಅಟ್ಲಾಂಟಿಕ್ ರಸ್ತೆ 1989ರಲ್ಲಿ ತೆರೆಯಿತು. ಸುಮಾರು 8 ಕಿಲೋಮೀಟರ್ ಉದ್ದದಲ್ಲಿ ಎಂಟು ಸೇತುವೆಗಳ ಮೇಲೆ ಹಾದು ಅದು ದ್ವೀಪದಿಂದ ದ್ವೀಪಕ್ಕೆ ಜಿಗಿಯುತ್ತದೆ. ಅಲ್ಲಿನ ಎಲ್ದ್‌ಹೂಸಾಯ ಎಂಬ ಪುಟ್ಟ ದ್ವೀಪದಲ್ಲಿ ವಾಹನ ನಿಲ್ಲಿಸಿ, ನೆಲದಿಂದ ತುಸು ಎತ್ತರಿಸಿದ ಕಾಲುಸೇತುವೆಯ ಮೇಲೆ ದ್ವೀಪವನ್ನೇ ಸುತ್ತಿ ಬರಬಹುದು. ಸಾವಿರಾರು ಜನ ನಡೆದರೂ ಕೆಳಗಿನ ಹುಲ್ಲು ಮತ್ತು ಪಾಚಿ ತುಳಿತಕ್ಕೆ ಸಿಗುವುದಿಲ್ಲ. ನಡೆಯುತ್ತ ಹೋದಂತೆ ಸೇತುವೆಯ ಬಾಗು ಪ್ರತಿ ಹೆಜ್ಜೆಗೂ ಬದಲಾಗುತ್ತದೆ, ಪ್ರತಿಯೊಬ್ಬರೂ ತಮ್ಮ ಫ್ರೇಮನ್ನು ತಾವೇ ಆರಿಸಿಕೊಳ್ಳುತ್ತಾರೆ.

ಸುರಂಗ ಕೊರೆದು ರಸ್ತೆಯನ್ನು ನೇರಮಾಡುವಾಗ ಹಳೆಯ ದಾರಿಯನ್ನು ಏನು ಮಾಡಬೇಕು ಎಂಬುದಕ್ಕೂ ಒಂದು ಮಾದರಿಯಿದೆ. ಸ್ಯಾನ್ ಫ್ರಾನ್ಸಿಸ್ಕೊದ ದಕ್ಷಿಣಕ್ಕಿರುವ ಡೆವಿಲ್ಸ್ ಸ್ಲೈಡ್ ಎಂಬಲ್ಲಿ ಗುಡ್ಡ ಪದೇ ಪದೇ ಜರಿದು ಹೆದ್ದಾರಿ ಮುಚ್ಚಿಹೋಗುತ್ತಿತ್ತು. 2013ರಲ್ಲಿ ಅಲ್ಲಿ ಸುರಂಗಗಳು ತೆರೆದವು. ಮರುವರ್ಷ ಹಳೆಯ ರಸ್ತೆಯ ಸುಮಾರು 2 ಕಿಲೋಮೀಟರ್ ಭಾಗವನ್ನು ನಡೆಯುವವರಿಗೂ ಸೈಕಲ್ ಸವಾರರಿಗೂ ಬಿಟ್ಟುಕೊಡಲಾಯಿತು. ಭೂಪಟದಲ್ಲಿ ತಾಣ ಹುಡುಕುವಾಗ ನಾನು ಮೊದಲು ನೋಡುವುದು ಇಂಥ ಕೈಬಿಟ್ಟ ತುಂಡುಗಳನ್ನೇ. ಹೊಸ ರಸ್ತೆ ಗುಡ್ಡವನ್ನು ಸೀಳಿ ಹೋದ ಕಡೆಗಳಲ್ಲಿ ಹಳೆಯ ರಸ್ತೆ ಭೂಶಿರವನ್ನು ಬಳಸಿ ಹೋಗಿರುತ್ತದೆ. ಆ ಹೊರತಿರುವಿನಲ್ಲಿ ನಿಂತು ಬಂದ ದಾರಿಯತ್ತಲೇ ಹಿಂದಿರುಗಿ ನೋಡಿದಾಗ ತೀರದ ಬಾಗು ಇಡಿಯಾಗಿ ಸಿಗುತ್ತದೆ. ಮುಂದಕ್ಕೇ ಕಣ್ಣಿಟ್ಟು ಓಡಿಸುವವರಿಗೆ ಅದು ಕಾಣುವುದೇ ಇಲ್ಲ. ದಯವಿಟ್ಟು ಆ ತುಂಡುಗಳಿಗೆ ಮುಳ್ಳುತಂತಿ ಹಾಕಿ ಕಸದ ರಾಶಿಯಾಗಲು ಬಿಡಬೇಡಿ.

ಅಪಾಯದ ಬಗ್ಗೆ ನಿಮಗಿರುವ ಚಿಂತೆ ನನಗೆ ಅರ್ಥವಾಗುತ್ತದೆ, ಅದರಲ್ಲಿ ನಾನೂ ಪಾಲುದಾರ. ಕಡಲು ಕೆತ್ತಿದ್ದನ್ನು ಕಡಲೇ ಕೆಡವುತ್ತದೆ. ಗ್ರೇಟ್ ಓಷನ್ ರೋಡಿನ ಬಳಿ ಲಂಡನ್ ಬ್ರಿಜ್ ಎಂದು ಹೆಸರಾಗಿದ್ದ ಜೋಡಿ ಕಮಾನಿನ ಒಂದು ಕಮಾನು 1990ರ ಜನವರಿಯಲ್ಲಿ ಕುಸಿದು, ಆಚೆ ಉಳಿದ ಇಬ್ಬರನ್ನು ಹೆಲಿಕಾಪ್ಟರಿನಲ್ಲಿ ಕರೆತರಬೇಕಾಯಿತು. ಅದೇ ತೀರದ ಟ್ವೆಲ್ವ್ ಅಪಾಸಲ್ಸ್ ಎಂಬ ಬಂಡೆಕಂಬಗಳಲ್ಲೊಂದು 2005ರಲ್ಲಿ ಉರುಳಿತು. ಮಾಲ್ಟಾದ ಅಜೂರ್ ವಿಂಡೋ ಎಂಬ ಬಂಡೆಕಮಾನು 2017ರ ಮಾರ್ಚ್‌ನಲ್ಲಿ ಬಿರುಗಾಳಿಗೆ ಸಿಕ್ಕು ಕಡಲು ಸೇರಿತು. ಬಂಡೆಯ ಅಂಚು ಮೇಲಿನಿಂದ ಗಟ್ಟಿಯಾಗಿ ಕಂಡರೂ ಕೆಳಗೆ ಅಲೆಗಳು ಅದನ್ನು ಟೊಳ್ಳು ಮಾಡಿರಬಹುದು. ಆದ್ದರಿಂದ ಕಟಾಂಜನವನ್ನು ಅಂಚಿನಿಂದ ಹಿಂದಕ್ಕೇ ಹಾಕಿ. ಆದರೆ ಕಟಾಂಜನ ಹಾಕಿದ ಕಡೆ ನಿಂತರೆ ಎದುರಿಗೆ ಪೊದೆ ಮಾತ್ರ ಕಾಣುವುದಾದರೆ ಜನ ಅದನ್ನು ಹತ್ತಿ ದಾಟುತ್ತಾರೆ, ಹಾಗೆ ದಾಟಿದವರನ್ನು ನಾನು ಅನೇಕ ಸಲ ಕಂಡಿದ್ದೇನೆ. ಕಟಾಂಜನದ ಈಚೆಯಿಂದಲೇ ಒಳ್ಳೆಯ ನೋಟ ಸಿಗುವ ಹಾಗೆ ಜಾಗವನ್ನು ಆರಿಸಿದರೆ, ನೆಲವನ್ನು ಒಂದೆರಡು ಅಡಿ ಎತ್ತರಿಸಿದರೆ, ಆ ಆಸೆಯೇ ಹುಟ್ಟುವುದಿಲ್ಲ. ರಸ್ತೆಯ ತಡೆಗೋಡೆಯ ವಿಚಾರವೂ ಹಾಗೆಯೇ: ಎದೆಯೆತ್ತರದ ಗಟ್ಟಿ ಕಾಂಕ್ರೀಟ್ ಗೋಡೆ ಕಾರಿನಲ್ಲಿ ಕೂತವರಿಗೆ ಕಡಲನ್ನು ಪೂರ್ತಿ ಮರೆಮಾಡುತ್ತದೆ. ನೋಟಕ್ಕೆ ಸಂದು ಬಿಡುವ ಉಕ್ಕಿನ ತಡೆಬೇಲಿಯನ್ನೂ ಅಷ್ಟೇ ಭದ್ರವಾಗಿ ಕಟ್ಟಬಹುದಲ್ಲವೇ?

ಕೆಳಗೆ ತೀರಕ್ಕೆ ಇಳಿಯುವವರ ಅಪಾಯ ಬೇರೆ ರೀತಿಯದು. ಅಲೆಗಳು ಗುಂಪುಗುಂಪಾಗಿ ಬರುತ್ತವೆ. ಹತ್ತು ನಿಮಿಷ ಸುಮ್ಮನಿದ್ದ ಕಡಲು ಒಮ್ಮೆಗೇ ಮೂರು ದೊಡ್ಡ ಅಲೆಗಳನ್ನು ಕಳುಹಿಸಬಹುದು. ಐಸ್‌ಲ್ಯಾಂಡಿನ ರೆಯ್ನಿಸ್‌ಫ್ಯಾರಾ ಎಂಬ ಕಪ್ಪು ಮರಳಿನ ತೀರದಲ್ಲಿ ಇಂಥ ಅಲೆಗಳು ಜೀವ ತೆಗೆದಿವೆ. ಆ ಹೊತ್ತಿನ ಅಪಾಯಕ್ಕೆ ತಕ್ಕಂತೆ ಬಣ್ಣ ಬದಲಿಸುವ ಎಚ್ಚರಿಕೆಯ ದೀಪವನ್ನು ಅಲ್ಲಿ ಅಳವಡಿಸಿದ್ದಾರೆ. ವರ್ಷವಿಡೀ ಒಂದೇ ಮಾತು ಹೇಳುವ ಫಲಕಕ್ಕಿಂತ ಈ ಹೊತ್ತಿನ ಸ್ಥಿತಿಯನ್ನು ಹೇಳುವ ದೀಪವನ್ನು ಜನ ಹೆಚ್ಚು ನಂಬುತ್ತಾರೆ ಎಂಬುದು ನನ್ನ ಅನಿಸಿಕೆ.

ಇಲ್ಲಿ ನನ್ನಂತೆ ಕ್ಯಾಮೆರಾ ಹಿಡಿದವರಿಗೂ ಎರಡು ಮಾತು. ಕೇಳುವ ಹಕ್ಕಿರುವಂತೆ ನಡೆದುಕೊಳ್ಳುವ ಹೊಣೆಯೂ ನಮಗಿದೆ. ತೀರಕ್ಕೆ ಇಳಿಯುವ ಮೊದಲು ಮೇಲೆಯೇ ನಿಂತು ಕಾಲು ಗಂಟೆ ಅಲೆಗಳನ್ನು ನೋಡಿ, ಒದ್ದೆ ಬಂಡೆಯ ಗುರುತು ಎಲ್ಲಿಯವರೆಗಿದೆಯೋ ಅಲ್ಲಿಯವರೆಗೆ ನೀರು ಬಂದೇ ಬರುತ್ತದೆ ಎಂದು ತಿಳಿಯಿರಿ, ಕಡಲಿಗೆ ಬೆನ್ನು ಕೊಡಬೇಡಿ. ಮರಳದಿಬ್ಬದ ಹುಲ್ಲನ್ನು ತುಳಿಯಬೇಡಿ. ಮರಳನ್ನು ಹಿಡಿದಿರುವುದು ಅದರ ಬೇರು, ಅದು ಸತ್ತರೆ ದಿಬ್ಬವೇ ಗಾಳಿಯ ಪಾಲಾಗುತ್ತದೆ. ಹಕ್ಕಿಗಳು ಗೂಡು ಕಟ್ಟಿರುವ ಬಂಡೆಗಳ ಬಳಿ ಡ್ರೋನ್ ಹಾರಿಸಬೇಡಿ. ಗಾಬರಿಯಾದ ತಾಯಿ ಹಾರಿಹೋದ ಕೆಲವೇ ನಿಮಿಷಗಳಲ್ಲಿ ಮೊಟ್ಟೆ ಬೇರೆ ಹಕ್ಕಿಯ ಬಾಯಿಗೆ ಬೀಳಬಹುದು. ಅಂಥ ಚಿತ್ರ ಎಷ್ಟೇ ಚೆನ್ನಾಗಿ ಬಂದರೂ ನಾನು ಅದನ್ನು ಒಳ್ಳೆಯ ಚಿತ್ರವೆಂದು ಒಪ್ಪಲಾರೆ.

ಮಾನ್ಯರೇ, ಮುಂದಿನ ಸಲ ನಿಮ್ಮ ಯಾವುದಾದರೊಂದು ಕಡಲ ರಸ್ತೆಯನ್ನು ಅಗಲಗೊಳಿಸುವ ಕಡತ ಮೇಜಿನ ಮೇಲೆ ಬಂದಾಗ, ಸಹಿ ಹಾಕುವ ಮುನ್ನ ಒಬ್ಬ ಎಂಜಿನಿಯರರನ್ನು ಆ ದಾರಿಯಲ್ಲಿ ಮೂರು ಹೊತ್ತು ಕಳುಹಿಸಿ: ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲು ಒಮ್ಮೆ, ನಡು ಹಗಲಿನಲ್ಲಿ ಒಮ್ಮೆ, ಸೂರ್ಯ ಮುಳುಗಿದ ಮೇಲೆ ಆಕಾಶ ನೀಲಿಗೆ ತಿರುಗುವಾಗ ಒಮ್ಮೆ. ಗಾಡಿಯಲ್ಲಿ ಹೋಗಿ, ಬರುವಾಗ ಸಾಧ್ಯವಾದಷ್ಟು ದೂರ ಅವರು ನಡೆದು ಬರಲಿ. ನಿಲ್ಲಬೇಕೆಂದು ಮನಸ್ಸಾದ ಪ್ರತಿ ಜಾಗವನ್ನೂ ನಕ್ಷೆಯಲ್ಲಿ ಗುರುತು ಮಾಡಲಿ, ಗಂಟೆಯನ್ನೂ ಪಕ್ಕದಲ್ಲಿ ಬರೆಯಲಿ. ಆ ಗುರುತುಗಳಲ್ಲಿ ನೆಲ ಗಟ್ಟಿಯಿರುವ, ಎರಡೂ ಕಡೆ ರಸ್ತೆ ದೂರದವರೆಗೆ ಕಾಣುವ ಜಾಗಗಳನ್ನು ಆರಿಸಿ, ಟೆಂಡರ್ ಕರೆಯುವ ಮೊದಲೇ ಅವುಗಳನ್ನು ಯೋಜನೆಯೊಳಗೆ ಸೇರಿಸಿ. ರಸ್ತೆ ಮುಗಿದ ಮೇಲೆ ಬಂಡೆ ಕಡಿದು ಜಾಗ ಮಾಡುವುದಕ್ಕಿಂತ ಯಂತ್ರಗಳು ಅಲ್ಲೇ ಇರುವಾಗ ಮಾಡುವುದು ಸುಲಭ. ಆ ನಕ್ಷೆಯನ್ನು ಸಾರ್ವಜನಿಕರ ಮುಂದಿಟ್ಟರೆ, ನಮ್ಮಂಥವರು ವರ್ಷಗಳಿಂದ ಬರೆದಿಟ್ಟುಕೊಂಡ ಗುರುತುಗಳನ್ನೂ ಸಂತೋಷದಿಂದ ಅದಕ್ಕೆ ಸೇರಿಸಿ ಕೊಡುತ್ತೇವೆ.

ಇಂತಿ ವಿಶ್ವಾಸದೊಂದಿಗೆ,
ಕಡಲ ದಾರಿಗಳ ಒಬ್ಬ ಛಾಯಾಗ್ರಾಹಕ